ಬದಲಿ ಇಲ್ಲದ ಊರು

ಮುಂಬಯಿ ಸುತ್ತಮುತ್ತ ನೆಲೆಸಿದ ನಮ್ಮವರು ಪರಿಚಯವಾದಾಗ ಮೊದಲು ಕೇಳುವ ಪ್ರಶ್ನೆ, 'ನಿಮ್ಮ ನೇಟಿವ್ ಎಲ್ಲಿ?' ಅಂತ. ಡೊಂಬಿವಲಿಯಲ್ಲಿ ಮೂರು ದಶಕ ಕಳೆದು, ಇಲ್ಲೇ ಫ್ಲಾಟು, ರೇಷನ್ ಕಾರ್ಡು, ಪಿಂಚಣಿ ಖಾತೆ ಎಲ್ಲ ಆದ ಮೇಲೂ 'ಉಡುಪಿ ಹತ್ತಿರ' ಎಂದೇ ನನ್ನ ಉತ್ತರ. ಹಾಗಾದರೆ ಒಂದು ಜಾಗ ಯಾರದು? ಮೊದಲಿನಿಂದ ಇದ್ದವರದೋ, ದುಡ್ಡು ಕೊಟ್ಟು ಕೊಂಡವರದೋ, ಅದನ್ನು ಬಿಟ್ಟರೆ ಬೇರೆ ಗತಿ ಇಲ್ಲದವರದೋ? ಮನುಷ್ಯರ ಮಟ್ಟಿಗೆ ಈ ಜಗಳ ಮುಂಬಯಿಯಲ್ಲಿ ಬೇಕಾದಷ್ಟು ಆಗಿದೆ. ಮಾತು ಬಾರದ ನಿವಾಸಿಗಳ ವಿಷಯದಲ್ಲೂ ಅದನ್ನು ಕೇಳಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಥಾಣೆ ಪಟ್ಟಣದ ಬಹುಭಾಗ ಇರುವುದು ಒಂದು ದ್ವೀಪದ ಮೇಲೆ ಎಂದರೆ ಅಲ್ಲಿಯವರಿಗೇ ಆಶ್ಚರ್ಯ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಪೂರ್ವಕ್ಕೆ ಥಾಣೆ ಖಾಡಿ, ಉತ್ತರಕ್ಕೆ ವಸಾಯಿ ಖಾಡಿ. ಖಾಡಿ ಎಂದರೆ ಒಳನುಗ್ಗಿದ ಸಮುದ್ರದ ಹಿನ್ನೀರು. ದ್ವೀಪದ ಹೆಸರು ಸಾಷ್ಟಿ. ಪೋರ್ಚುಗೀಸರ ಬಾಯಲ್ಲಿ ಅದು ಸಾಲ್ಸೆಟ್ ಆಯಿತು. ಇದರ ನಡುವೆ ಸುಮಾರು 104 ಚದರ ಕಿ.ಮೀ. ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. 2018ರ ಕ್ಯಾಮೆರಾ ಸಮೀಕ್ಷೆಯಲ್ಲಿ ಈ ಕಾಡು ಮತ್ತು ಅದರ ಅಂಚಿನಲ್ಲಿ 47 ಚಿರತೆಗಳು ಕಂಡವು. ಈ ಕಾಡಿಗೆ ಈಗ ಖಾಡಿಗಿಂತ ದೊಡ್ಡ ಸಮುದ್ರ ಕಾಂಕ್ರೀಟಿನದು. ದ್ವೀಪದೊಳಗೆ ಇನ್ನೊಂದು ದ್ವೀಪ.

ಚಿರತೆ ಕಂಡರೆ ಜನ ಹೇಳುವುದು ಒಂದೇ: 'ಹಿಡಿದು ದೂರ ಬಿಟ್ಟು ಬನ್ನಿ'. ಪುಣೆ ಜಿಲ್ಲೆಯ ಜುನ್ನರ್ ಕಡೆ ಹಾಗೇ ಮಾಡಿದರು. ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಚಿರತೆಗಳನ್ನು ಹಿಡಿದು ಕಾಡಿಗೆ ಬಿಟ್ಟರು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಸ್ಥಳಾಂತರ ಶುರುವಾದ ಮೇಲೆ ಅಲ್ಲಿ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೇರಿತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಪ್ರಾಣಿ ಕಂಗೆಟ್ಟು ಹೆಚ್ಚು ಅಪಾಯಕಾರಿಯಾಗುತ್ತದೆ.

2009ರಲ್ಲಿ ಆಗಿನ ಅಹ್ಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಒಂದು ಗಂಡು ಚಿರತೆಯನ್ನು ಮೇಲೆತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿಯಲ್ಲಿ ಬಿಟ್ಟರು. ವಯಸ್ಸಾದದ್ದು ಅಂತ ಅದಕ್ಕೆ 'ಆಜೋಬಾ' ಎಂದು ಹೆಸರಿಟ್ಟರು, ನಮ್ಮ ಭಾಷೆಯಲ್ಲಿ ಅಜ್ಜ. ಆ ಅಜ್ಜ ಹೆದ್ದಾರಿ, ರೈಲುಹಳಿ ದಾಟಿ, ವಸಾಯಿ ಖಾಡಿಯನ್ನು ಈಜಿ, ಸುಮಾರು 120 ಕಿ.ಮೀ. ನಡೆದು ಈ ಸಾಷ್ಟಿಯ ಕಾಡಿಗೇ ಬಂದು ಸೇರಿತು. 2011ರಲ್ಲಿ ವಾಹನ ಬಡಿದು ಸತ್ತಿತು.

ಬ್ಯಾಂಕಿನವರಿಗೆ ವರ್ಗಾವಣೆ ಹೊಸತಲ್ಲ. ಆರ್ಡರ್ ಬಂದರೆ ಟ್ರಂಕು, ಗ್ಯಾಸ್ ಸಿಲಿಂಡರು ಕಟ್ಟಿ ಹೊರಟವರು ನಾವು. ಆದರೆ ಮನುಷ್ಯ ತನ್ನ ಊರನ್ನು ಒಂದಿಷ್ಟು ಹೊತ್ತುಕೊಂಡೇ ಹೋಗುತ್ತಾನೆ. ಭಾಷೆ, ಕನ್ನಡ ಸಂಘ, ಯಕ್ಷಗಾನ, ನೀರುದೋಸೆ ಎಲ್ಲವೂ ಜೊತೆಗೆ ಬರುತ್ತವೆ. ಚಿರತೆಗೆ ಹಾಗೆ ಕಟ್ಟಿಕೊಳ್ಳಲು ಏನಿದೆ? ಅದರ ಊರು ಎಂದರೆ ಅದೇ ಗುಡ್ಡ, ಅದೇ ತೊರೆ, ಅದೇ ವಾಸನೆ.

'ಫ್ಲೆಮಿಂಗೋಗಳು ವಲಸೆ ಹೋಗುವುದಿಲ್ಲವೇ?' ಅಂತ ಕೇಳಬಹುದು. ನಿಜ, ಗುಜರಾತಿನ ಕಛ್ ಕಡೆಯಿಂದ ಥಾಣೆ ಖಾಡಿಗೆ ಅವು ಸಾವಿರಗಟ್ಟಲೆ ಬರುತ್ತವೆ. 2015ರಲ್ಲಿ ಖಾಡಿಯ ಒಂದು ಭಾಗ ಅವುಗಳ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಆದರೆ ವಲಸೆ ಹಕ್ಕಿಗೆ ಒಂದೂರು ಸಾಲದು, ಎರಡೂ ಬೇಕು. ಅಲ್ಲಿಯ ಉಪ್ಪುನೆಲವೂ ಬೇಕು, ಇಲ್ಲಿಯ ಕೆಸರೂ ಬೇಕು. ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಒಂದು ನೂರರ ನೋಟಿಗೆ ಇನ್ನೊಂದು ನೂರರ ನೋಟು ಸಮ. ಚಿನ್ನದ ಸಾಲದಲ್ಲಿ ಹಾಗಲ್ಲ. ಅಡವಿಟ್ಟ ಕರಿಮಣಿ ಸರವನ್ನು ಬಿಡಿಸಿಕೊಳ್ಳಲು ಬಂದ ಹೆಂಗಸಿಗೆ 'ಅಷ್ಟೇ ತೂಕದ ಬೇರೆ ಸರ ಕೊಡುತ್ತೇವಮ್ಮ' ಎಂದರೆ ಒಪ್ಪಿಯಾಳೇ? ಕಾಡು ನೋಟಿನ ಹಾಗಲ್ಲ, ಅಡವಿಟ್ಟ ಸರದ ಹಾಗೆ. ಆದರೆ ನಮ್ಮ ಸರಕಾರಿ ಲೆಕ್ಕ ಅದನ್ನು ನೋಟಿನಂತೆ ಎಣಿಸುತ್ತದೆ.

ದ್ವೀಪದ ಕಾಡಿನ ವಿಷಯದಲ್ಲಿ ಈ ತಪ್ಪು ಲೆಕ್ಕ ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿಯ ಜೀವಿಗಳಿಗೆ ಪಕ್ಕದ ಕಾಡು ಅಂತ ಇರುವುದೇ ಇಲ್ಲ. ಗ್ರೇಟ್ ನಿಕೋಬಾರಿನಲ್ಲಿ ಬಂದರು, ವಿಮಾನ ನಿಲ್ದಾಣ, ಪಟ್ಟಣ ಕಟ್ಟಲು ಸುಮಾರು 130 ಚ.ಕಿ.ಮೀ. ಅರಣ್ಯಭೂಮಿ ಬಳಸುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಬಂದರಿಗೆ ಗೊತ್ತುಮಾಡಿದ ಗಲಾತಿಯಾ ಕೊಲ್ಲಿಯ ಮರಳಿನಲ್ಲಿ ದೈತ್ಯ ಲೆದರ್‌ಬ್ಯಾಕ್ ಕಡಲಾಮೆ ಮೊಟ್ಟೆ ಇಡುತ್ತದೆ. ಮರಳು, ಕೊಳೆತ ಎಲೆ ಒಟ್ಟುಮಾಡಿ ಆ ದಿಬ್ಬದ ಬಿಸಿಯಲ್ಲೇ ಮರಿ ಮಾಡಿಸುವ ಮೆಗಾಪೋಡ್ ಹಕ್ಕಿಯ ನಿಕೋಬಾರಿ ಜಾತಿಗೆ ಆ ದ್ವೀಪಗಳ ಹೊರತು ಬೇರೆ ನೆಲೆಯಿಲ್ಲ. ಅಲ್ಲಿ ಕಡಿಯುವ ಕಾಡಿಗೆ ಬದಲಿ ಮರ ನೆಡಲು ಆಗ ತೋರಿಸಿದ ಜಾಗ ಯಾವುದು ಗೊತ್ತೇ? ಎರಡು ಸಾವಿರ ಕಿ.ಮೀ.ಗೂ ಆಚೆಯ ಹರಿಯಾಣ! ಯಾವ ಆಡಿಟರೂ ಇಂಥ ಜಮಾ-ಖರ್ಚಿಗೆ ಸಹಿ ಹಾಕಲಾರ.

'ಮನುಷ್ಯರಿಗೇ ಜಾಗವಿಲ್ಲ, ನಿಮ್ಮದೇನ್ರೀ ಚಿರತೆ ಪುರಾಣ' ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. 2022ರ ದೀಪಾವಳಿಯಂದು ಆರೆ ಕಾಲನಿಯಲ್ಲಿ ಪುಟ್ಟ ಮಗುವೊಂದು ಚಿರತೆಗೆ ಬಲಿಯಾಯಿತು. ಆ ತಾಯಿಯ ಮುಂದೆ ಯಾವ ತತ್ವವೂ ನಿಲ್ಲದು. ಆದರೆ ಈ ಬೆಲೆ ತೆರುವವರು ಯಾರು ಎಂದೂ ನೋಡಬೇಕು. 1997ರಲ್ಲಿ ಬಾಂಬೆ ಹೈಕೋರ್ಟು ಉದ್ಯಾನದ ಒತ್ತುವರಿ ತೆರವಿಗೆ ಆದೇಶಿಸಿದಾಗ ಗುಡಿಸಲಿನವರು ಗಂಟುಮೂಟೆ ಕಟ್ಟಿದರು. ಈಗ ಘೋಡ್‌ಬಂದರ್ ರಸ್ತೆಯ ಗಗನಚುಂಬಿಗಳಲ್ಲಿ ಕಾಡು ಕಾಣುವ ಬಾಲ್ಕನಿಗೆ ಹೆಚ್ಚಿನ ದರ. ಕಾಡಿನ ಸುಖ ಒಬ್ಬರ ಪಾಲಿಗೆ, ಭಯ ಇನ್ನೊಬ್ಬರ ಪಾಲಿಗೆ. ಇದು ಚಿರತೆ ಮಾಡಿದ ಅನ್ಯಾಯವಲ್ಲ. ಬೀದಿದೀಪ, ಶೌಚಾಲಯ, ಕಸದ ವಿಲೇವಾರಿ ಇಲ್ಲದ ಕಡೆ ಅವನ್ನು ಕೊಟ್ಟರೆ ಮಗುವೂ ಉಳಿದೀತು, ಚಿರತೆಯೂ ಉಳಿದೀತು. ಕಸ ಇದ್ದಲ್ಲಿ ನಾಯಿ, ನಾಯಿ ಇದ್ದಲ್ಲಿ ಚಿರತೆ, ಇಷ್ಟೇ ಸೂತ್ರ.

ಈ ಭಾಗದ ವಾರ್ಲಿ ಆದಿವಾಸಿಗಳು ವಾಘೋಬಾನನ್ನು ಪೂಜಿಸುತ್ತಾರೆ. ನಮ್ಮ ತುಳುನಾಡಿನ ಪಿಲಿಚಾಮುಂಡಿಯ ನೆನಪಾಗುತ್ತದೆ. ಎರಡೂ ಕಡೆಯ ಹಿರಿಯರಿಗೆ ಹುಲಿ-ಚಿರತೆಯ ಭಯ ಇತ್ತು. ಆದರೆ ಆ ಭಯದಿಂದ ಅವರು ಅದನ್ನು ಊರು ಬಿಡಿಸಲಿಲ್ಲ, ಕೈಮುಗಿದು ಪಾಲು ಕೊಟ್ಟರು.

ನನ್ನ ಮಟ್ಟಿಗೆ, ಮೊದಲು ಬಂದವನ ಹಕ್ಕಿಗಿಂತ, ಕೊಂಡವನ ಹಕ್ಕಿಗಿಂತ, ಬೇರೆಲ್ಲಿಗೂ ಹೋಗಲಾರದವನ ಹಕ್ಕು ದೊಡ್ಡದು. ನಮಗೆ ಇಲ್ಲೊಂದು ಮನೆ, ಊರಲ್ಲೊಂದು ಮನೆ. ಎರಡು ಇರುವವರು ಒಂದೇ ಇರುವವರಿಗಾಗಿ ಸ್ವಲ್ಪ ಸರಿದು ಕುಳಿತುಕೊಳ್ಳಬೇಕು. ಲೋಕಲ್ ರೈಲಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡುವುದನ್ನು ಈ ಊರೇ ನಮಗೆ ಕಲಿಸಿದೆಯಲ್ಲ!