ಗಾಜಿನ ತೊಟ್ಟಿಯೂ ಬಂಧನದ ಪ್ರಶ್ನೆಯೂ

ನೋಟದ ಸುಖಕ್ಕಾಗಿ ಒಂದು ಜೀವವನ್ನು ಕೂಡಿಹಾಕುವುದು ಸರಿಯೇ ಎಂಬುದು ಧರ್ಮಕ್ಕೂ ನೀತಿಶಾಸ್ತ್ರಕ್ಕೂ ಸೇರಿದ ಪ್ರಶ್ನೆ. ಹಸು, ಎತ್ತು, ನಾಯಿಗಳನ್ನು ಸಾಕುವವರಿಗೆ ಒಂದು ಸಮಜಾಯಿಷಿ ಇದ್ದೇ ಇದೆ: ಹಾಲಿಗೆ, ಉಳುಮೆಗೆ, ಕಾವಲಿಗೆ ಪ್ರತಿಯಾಗಿ ಮೇವು ಮತ್ತು ಆಸರೆ. ಅಕ್ವೇರಿಯಂ ಮೀನಿನ ವಿಷಯದಲ್ಲಿ ಈ ಕೊಡುಕೊಳ್ಳುವಿಕೆ ಇಲ್ಲ. ಅದು ದುಡಿಯುವುದಿಲ್ಲ, ಮನೆ ಕಾಯುವುದಿಲ್ಲ. ನೋಡುವವರ ಕಣ್ಣಿಗೆ ಚೆಂದ ಕಾಣುವುದಷ್ಟೇ ಅದರಿಂದ ಬಯಸುವ ಕೆಲಸ. ಹೀಗಾಗಿ ಬಂಧನದ ಪ್ರಶ್ನೆ ಇಲ್ಲಿ ಬೇರಾವ ನೆಪವೂ ಇಲ್ಲದೆ ಎದುರಾಗುತ್ತದೆ. ಸಿಹಿನೀರಿನ ತೊಟ್ಟಿಗಳಲ್ಲಿ ಸಾಕುವ ರೇನ್‌ಬೋ ಮೀನು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಅದರ ಮೂಲನೆಲೆ, ಅದರ ನೆನಪಿನ ಶಕ್ತಿ, ಮನುಷ್ಯನ ಆಸೆಯಿಂದ ಅದಕ್ಕಾದ ಹಾನಿ, ಅದೇ ಆಸೆಯಿಂದ ಒಮ್ಮೆ ದೊರೆತ ಆಸರೆ, ಇವೆಲ್ಲವೂ ದಾಖಲಾಗಿವೆ.

ಮೆಲನೋಟೀನಿಡೇ ಕುಟುಂಬಕ್ಕೆ ಸೇರಿದ ರೇನ್‌ಬೋ ಮೀನುಗಳ ತವರು ಆಸ್ಟ್ರೇಲಿಯಾ, ನ್ಯೂಗಿನಿ ಮತ್ತು ಅವುಗಳ ಸಮೀಪದ ದ್ವೀಪಗಳು. ಹೊಳೆ, ಕೆರೆ, ಜೌಗುಗಳಲ್ಲಿ ಇವು ಗುಂಪಾಗಿ ಈಜುತ್ತವೆ. ನೀರಿಗೆ ಬಿದ್ದ ಹುಳುಹುಪ್ಪಟೆ, ಸೊಳ್ಳೆಮರಿ, ಪಾಚಿ ಇವುಗಳ ಆಹಾರ. ಹಲವು ಪ್ರಭೇದಗಳ ನೆಲೆ ತೀರ ಚಿಕ್ಕದು: ಒಂದು ಸರೋವರ, ಇಲ್ಲವೇ ಒಂದೇ ನದಿಯ ಪಾತ್ರ. ತೊಟ್ಟಿಗಳಲ್ಲಿ ಹೆಸರಾದ ಬೋಸ್‌ಮನ್ ರೇನ್‌ಬೋ ಇಂಡೋನೇಷ್ಯಾದ ಪಶ್ಚಿಮ ಪಪುವಾದ ಅಯಮಾರು ಸರೋವರ ಪ್ರದೇಶದ್ದು. ಡಚ್ ಮೀನುಶಾಸ್ತ್ರಜ್ಞ ಮರಿನಸ್ ಬೋಸ್‌ಮನ್ 1950ರ ದಶಕದಲ್ಲಿ ಸಂಗ್ರಹಿಸಿದ್ದ ಈ ಮೀನನ್ನು 1980ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ ಅವರ ಹೆಸರನ್ನೇ ಇಡಲಾಯಿತು. ಬೆಳೆದ ಗಂಡಿನ ಮುಂಭಾಗ ಉಕ್ಕಿನ ನೀಲಿ, ಹಿಂಭಾಗ ಉರಿಯುವ ಕಿತ್ತಳೆ. ಮರಿಗಳು ಮಾತ್ರ ಬೂದುಬಣ್ಣದವು. ಪೂರ್ಣ ಬಣ್ಣ ಬರಲು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಈ ಬಣ್ಣ ಯಾರಿಗಾಗಿ ಎಂಬಲ್ಲಿಂದಲೇ ತತ್ತ್ವವಿಚಾರ ಶುರುವಾಗುತ್ತದೆ. ಬೆಳಗಿನ ಬೆಳಕು ನೀರಿಗೆ ತಾಗುವ ಹೊತ್ತಿನಲ್ಲಿ ಗಂಡುಗಳ ಬಣ್ಣ ಏರುತ್ತದೆ, ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ, ಒಂದನ್ನೊಂದು ಸುತ್ತುವ ಪೈಪೋಟಿ ನಡೆಯುತ್ತದೆ. ಪ್ರಾಣಿಗಳ ಇಂಥ ಅಲಂಕಾರ ಸಂಗಾತಿಯ ಆಯ್ಕೆಯಿಂದ ರೂಪುಗೊಂಡದ್ದೆಂದು ಡಾರ್ವಿನ್ 1871ರ ಗ್ರಂಥದಲ್ಲಿ ವಾದಿಸಿದ್ದ. ಆ ವಾದವನ್ನು ಒಪ್ಪಿದರೆ, ಈ ಸೌಂದರ್ಯದ ನಿಜವಾದ ಪ್ರೇಕ್ಷಕಿ ಹೆಣ್ಣುಮೀನು. ಎದುರಾಳಿ ಗಂಡು ಎರಡನೆಯ ಪ್ರೇಕ್ಷಕ. ಗಾಜಿನ ಹೊರಗೆ ಕುಳಿತ ಮನುಷ್ಯ ಕರೆಯದೆ ಬಂದವನು. ಅವನ ಆನಂದ ಸುಳ್ಳಲ್ಲ, ಆದರೆ ಮೀನು ಇರುವುದು ಆ ಆನಂದಕ್ಕಾಗಿ ಅಲ್ಲ. ಇದನ್ನು ಮರೆತಾಗ ಆಗುವುದೇನು ಎಂಬುದಕ್ಕೆ ಅಯಮಾರು ಪ್ರದೇಶವೇ ಸಾಕ್ಷಿ. 1980ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಂದ ತಿಂಗಳಿಗೆ ಸುಮಾರು 60,000 ಗಂಡುಮೀನುಗಳನ್ನು ಹಿಡಿದು ಸಾಗಿಸಲಾಗುತ್ತಿತ್ತೆಂಬ ವರದಿಗಳಿವೆ. ಬಣ್ಣವಿದ್ದದ್ದು ಗಂಡಿಗೆ, ಬಲೆಗೆ ಬಿದ್ದದ್ದೂ ಗಂಡೇ. ಇಂದು ಮಾರಾಟವಾಗುವ ಬೋಸ್‌ಮನ್ ಮೀನುಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಆದರೂ ಕಾಡಿನ ಸಂತತಿ ಅಪಾಯದಂಚಿನ ಪಟ್ಟಿಯಲ್ಲಿದೆ.

ಮೀನನ್ನು ಸಾಕುವುದರಲ್ಲಿ ತಪ್ಪಿದ್ದರೆ ಅದು ಎಲ್ಲಿದೆ? ಪಶ್ಚಿಮದ ಚಿಂತನೆಯ ಒಂದು ಧಾರೆ ನೋವನ್ನು ಅಳತೆಗೋಲಾಗಿ ಹಿಡಿಯುತ್ತದೆ. 1789ರಲ್ಲಿ ಜೆರೆಮಿ ಬೆಂಥಮ್ ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದದ್ದು ಅವು ವಿವೇಚಿಸಬಲ್ಲವೇ ಎಂದಲ್ಲ, ನೋಯಬಲ್ಲವೇ ಎಂದು ವಾದಿಸಿದ. 1975ರಲ್ಲಿ ಪೀಟರ್ ಸಿಂಗರ್ ಅದೇ ದಾರಿಯನ್ನು ಮುಂದುವರಿಸಿದ. ಮೀನಿನ ನೋವಿನ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಟ್ರೌಟ್ ಮೀನಿನ ತಲೆಯಲ್ಲಿ ಹಾನಿಯನ್ನು ಗ್ರಹಿಸುವ ನರತುದಿಗಳಿವೆಯೆಂದು ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಮನುಷ್ಯರಲ್ಲಿರುವಂಥ ಮಿದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ನೋವಿನ ಅನುಭವವೂ ಇಲ್ಲ ಎನ್ನುವವರೂ ಇದ್ದಾರೆ. ರೇನ್‌ಬೋ ಮೀನಿನ ಮೇಲೆಯೇ ನಡೆದ ಒಂದು ಪ್ರಯೋಗ ಈ ಚರ್ಚೆಗೆ ಬೇರೊಂದು ದಿಕ್ಕು ಕೊಡುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿ ಕುಲಂ ಬ್ರೌನ್ ಒಂದೇ ತೂತಿದ್ದ ಬಲೆಯನ್ನು ತೊಟ್ಟಿಯಲ್ಲಿ ಎಳೆದಾಗ ಮೀನುಗಳು ಕೆಲವೇ ಸರದಿಗಳಲ್ಲಿ ಆ ತೂತನ್ನು ಗುರುತಿಸಿ ಪಾರಾಗಲು ಕಲಿತವು. ನಡುವೆ ಬಲೆಯನ್ನೇ ಕಾಣದಿದ್ದರೂ, 11 ತಿಂಗಳ ಬಳಿಕ ಅದೇ ಬಲೆ ಬಂದಾಗ ತಪ್ಪಿಸಿಕೊಳ್ಳುವ ದಾರಿ ಅವಕ್ಕೆ ನೆನಪಿತ್ತು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ ಮೀನಿಗೆ ನೋವಿದೆಯೆಂದು ಸಾಧಿಸುವುದಿಲ್ಲ. ಅದಕ್ಕೆ ತನ್ನದೇ ನೆನಪು, ತಪ್ಪಿಸಿಕೊಳ್ಳಬೇಕೆಂಬ ತುಡಿತ ಇವೆಯೆಂಬುದನ್ನಂತೂ ತೋರಿಸುತ್ತದೆ.

ಜೈನ ಧರ್ಮದ ವಿಚಾರ ಈ ಬಿಂದುವಿನಲ್ಲಿ ಹೆಚ್ಚು ಸೂಕ್ಷ್ಮವಾಗಿದೆ. ಅದರ ವರ್ಗೀಕರಣದಲ್ಲಿ ಮೀನು ಜಲಚರ ತಿರ್ಯಂಚ, ಐದೂ ಇಂದ್ರಿಯಗಳುಳ್ಳ ಜೀವ. ಶ್ರಾವಕನ, ಅಂದರೆ ಗೃಹಸ್ಥನ, ಅಹಿಂಸಾಣುವ್ರತಕ್ಕೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು (ವ್ರತದ ಲೋಪಗಳನ್ನು) ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹೊಡೆಯುವುದಕ್ಕೂ ಅಂಗ ಕತ್ತರಿಸುವುದಕ್ಕೂ ಮೊದಲು ಬಂಧ ಬರುತ್ತದೆ. ಜೀವಿಯು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧ ಎಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವ್ಯಾಖ್ಯಾನದ ತಾತ್ಪರ್ಯ. ಈ ವಿವರಣೆಯಲ್ಲಿ ನೋವಿನ ಮಾತೇ ಇಲ್ಲ. ಹೊಟ್ಟೆತುಂಬ ಉಣಿಸಿ, ರೋಗ ಬಾರದಂತೆ ನೋಡಿಕೊಂಡರೂ ತಡೆ ತಡೆಯೇ. ಜೊತೆಗೆ ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರಬೇಕೆನ್ನುವ ಅನರ್ಥದಂಡವಿರತಿಯೂ ಇದೆ. ಬರಿಯ ಅಲಂಕಾರಕ್ಕಾಗಿ ಮೀನು ಸಾಕಿ, ಅದರ ಹೊಟ್ಟೆಗೆ ಸೊಳ್ಳೆಮರಿ, ಕೆಂಪುಹುಳುಗಳನ್ನು ಹಾಕುವುದನ್ನು ಈ ವ್ರತದೊಂದಿಗೆ ಹೊಂದಿಸುವುದು ಕಷ್ಟ. ಮೀನನ್ನು ಆದರಿಸಲು ಕೂಡಿಹಾಕಬೇಕಿಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ರೂಢಿಯಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನೆಂದು ಹಿಡಿಯದೆ ಬಿಡುತ್ತಾರೆ. ಭಕ್ತರು ಆಹಾರ ಎಸೆಯುತ್ತಾರೆ. ಬರುವುದೂ ಹೋಗುವುದೂ ಮೀನಿನ ಇಷ್ಟ.

ಇದಕ್ಕೆ ಬರುವ ಆಕ್ಷೇಪ ಸಣ್ಣದಲ್ಲ. ತೊಟ್ಟಿಯಲ್ಲೇ ಮೊಟ್ಟೆಯೊಡೆದು ಬೆಳೆದ ಮೀನಿಗೆ ಬಯಸಿದ ಎಡೆ ಯಾವುದು? ಅದು ಅಯಮಾರುವನ್ನು ಕಂಡಿಲ್ಲ, ಕಳೆದುಕೊಂಡೂ ಇಲ್ಲ. ಉತ್ತರ ಅದರ ನಡತೆಯಲ್ಲೇ ಇದೆ. ತೊಟ್ಟಿಯಲ್ಲಿ ಹುಟ್ಟಿದರೂ ರೇನ್‌ಬೋ ಮೀನು ಉದ್ದಕ್ಕೆ ಈಜಬಯಸುತ್ತದೆ, ಸ್ವಜಾತಿಯ ಗುಂಪನ್ನು ಹುಡುಕುತ್ತದೆ, ಬೆದರಿದರೆ ನೀರಿನಿಂದ ಹೊರಗೆ ಜಿಗಿಯುತ್ತದೆ. ತವರಿನ ನೆನಪಿಲ್ಲದಿದ್ದರೂ ತವರು ರೂಪಿಸಿದ ಬೇಕುಗಳು ಉಳಿದಿವೆ. ಒಂಟಿಯಾಗಿ ದುಂಡನೆಯ ಗಾಜಿನ ಬುರುಡೆಯಲ್ಲಿಟ್ಟಾಗ ಆ ಬೇಕುಗಳೆಲ್ಲ ತಡೆಯಲ್ಪಡುತ್ತವೆ. ಬಂಧದಲ್ಲಿ ಹೆಚ್ಚುಕಡಿಮೆಗಳಿವೆ, ಅದನ್ನು ಪೂರ್ತಿ ಇಲ್ಲವಾಗಿಸಲು ಆಗದು, ಸಡಿಲಿಸಲು ಆಗುತ್ತದೆ.

ಹೀಗೆ ನೋಡಿದರೆ ಸಾಕಣೆಯ ನಿಯಮಗಳು ಬರಿಯ ತಂತ್ರವಾಗಿ ಉಳಿಯದೆ ಆಚಾರವಾಗುತ್ತವೆ. ಬೋಸ್‌ಮನ್‌ನಂಥ ಹತ್ತು ಸೆಂಟಿಮೀಟರ್ ಬೆಳೆಯುವ ಮೀನಿಗೆ ಸುಮಾರು ನಾಲ್ಕು ಅಡಿ ಉದ್ದದ ತೊಟ್ಟಿ, ಮೇಲೆ ಮುಚ್ಚಳ, ಕನಿಷ್ಠ ಆರರ ಗುಂಪು ಬೇಕು. ನೀರು 24ರಿಂದ 27 ಡಿಗ್ರಿ ಬೆಚ್ಚಗಿರಬೇಕು, ತುಸು ಗಡಸಾಗಿರಬೇಕು. ಹೊಳೆಯಲ್ಲಿ ಮೀನಿನ ಹೊಲಸನ್ನು ಹರಿವು ಒಯ್ಯುತ್ತದೆ. ತೊಟ್ಟಿಯಲ್ಲಿ ಅದು ಅಮೋನಿಯಾ ಆಗಿ ನಿಲ್ಲುತ್ತದೆ. ಫಿಲ್ಟರ್‌ನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್‌ಗೆ, ಬಳಿಕ ನೈಟ್ರೇಟ್‌ಗೆ ಬದಲಿಸುತ್ತವೆ. ಆ ಬ್ಯಾಕ್ಟೀರಿಯಾಗಳು ನೆಲೆಯೂರಲು ಕೆಲವು ವಾರಗಳೇ ಬೇಕು. ಅದಕ್ಕೂ ಮೊದಲು ಮೀನು ಬಿಟ್ಟರೆ ಅದು ತನ್ನ ಹೊಲಸಿನ ವಿಷದಲ್ಲೇ ಸಾಯಬಹುದು. ಉಳಿದ ನೈಟ್ರೇಟನ್ನು ತೆಗೆಯಲು ವಾರಕ್ಕೊಮ್ಮೆ ನೀರಿನ ಒಂದು ಪಾಲನ್ನು ಬದಲಿಸಬೇಕು. ನಲ್ಲಿನೀರಾದರೆ ಕ್ಲೋರಿನ್ ಹೋಗಲಾಡಿಸಿ ತುಂಬಬೇಕು. ಹೊಳೆಯಿಂದ ಮೀನನ್ನು ಬೇರ್ಪಡಿಸಿದವನು ಹೊಳೆಯ ಕೆಲಸವನ್ನು ತಾನು ಮಾಡಲೇಬೇಕು. ಪ್ರಭೇದಗಳನ್ನು ಬೆರೆಸಿ ಮರಿ ಮಾಡಿಸಬಾರದೆಂಬುದೂ ಇಂಥದೇ ನಿಯಮ. ರೇನ್‌ಬೋಗಳು ತೊಟ್ಟಿಯಲ್ಲಿ ಸುಲಭವಾಗಿ ಮಿಶ್ರಸಂತಾನ ಕೊಡುತ್ತವೆ, ಒಂದೆರಡು ತಲೆಮಾರಿನಲ್ಲಿ ಮೂಲ ತಳಿ ಅಳಿಸಿಹೋಗುತ್ತದೆ.

ಬಂಧ ತಪ್ಪಾದರೆ ಬಿಡುಗಡೆ ಪುಣ್ಯವಲ್ಲವೇ? ಪೂರ್ವ ಏಷ್ಯಾದ ಬೌದ್ಧರಲ್ಲಿ ಸೆರೆಯ ಮೀನು, ಹಕ್ಕಿಗಳನ್ನು ಕೊಂಡು ಬಿಡುವ ಪದ್ಧತಿ ಬಹುಕಾಲದಿಂದ ಇದೆ; ಕರುಣೆಯೇ ಅದರ ಮೂಲ. ಆದರೆ ಪರನೀರಿಗೆ ಬಿಟ್ಟ ಮೀನು ತಾನು ಸಾಯಬಹುದು, ಬದುಕಿದರೆ ಅಲ್ಲಿನ ಜೀವಿಗಳನ್ನು ಕೊಲ್ಲಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಈಚಮ್ ಸರೋವರ ಇದಕ್ಕೆ ಉದಾಹರಣೆ. 1982ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಅಲ್ಲಿನ ರೇನ್‌ಬೋ ಪ್ರಭೇದ, ಹೊರಗಿನಿಂದ ಯಾರೋ ತಂದುಬಿಟ್ಟ ಬೇರೆ ಮೀನುಗಳಿಂದಾಗಿ ಅದೇ ದಶಕ ಮುಗಿಯುವಷ್ಟರಲ್ಲಿ ಸರೋವರದಿಂದ ಕಣ್ಮರೆಯಾಯಿತು. ಆಗ ಅದು ಉಳಿದಿದ್ದು ಹವ್ಯಾಸಿಗಳ ಮನೆಯ ತೊಟ್ಟಿಗಳಲ್ಲಿ. ಅಲ್ಲಿ ಬೆಳೆಸಿದ ಮೀನುಗಳನ್ನು ಮರಳಿ ಬಿಟ್ಟರೂ, ಬೇಟೆಮೀನುಗಳಿದ್ದ ಸರೋವರದಲ್ಲಿ ಅವು ನೆಲೆಯೂರಲಿಲ್ಲ. ಅದೃಷ್ಟಕ್ಕೆ ಸುತ್ತಲ ತೊರೆಗಳಲ್ಲಿ ಇದೇ ಪ್ರಭೇದ ಆಮೇಲೆ ಪತ್ತೆಯಾಯಿತು. ತೊಟ್ಟಿ ಒಂದು ಕುಲವನ್ನು ಕಾಪಾಡಬಲ್ಲದು, ಸರೋವರವನ್ನು ಮರಳಿಸಲಾರದು ಎಂಬುದು ಈ ಪ್ರಕರಣದ ಪಾಠ. ಸಾಕಿ ಬೇಸತ್ತ ಮೀನನ್ನು ಊರಕೆರೆಗೆ ಸುರಿಯುವವರು ಎಸಗುವುದು ಈಚಮ್‌ನಲ್ಲಾದ ತಪ್ಪನ್ನೇ.

ಕೂಡಿಹಾಕುವುದೂ ತಪ್ಪು, ಬಿಡುವುದೂ ತಪ್ಪು ಎಂಬ ಈ ಇಕ್ಕಟ್ಟಿಗೆ ಒಂದು ದಾರಿ ಇದೆ. 2010ರ ತನ್ನ ಕೃತಿಯಲ್ಲಿ ತತ್ತ್ವಜ್ಞೆ ಕ್ಲೇರ್ ಪಾಮರ್, ಕಾಡುಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡಬಹುದಾದರೂ ಮನುಷ್ಯ ತಾನೇ ಪರಾಧೀನವಾಗಿಸಿದ ಜೀವಿಗಳಿಗೆ ನೆರವಾಗುವ ವಿಶೇಷ ಹೊಣೆ ಅವನದು ಎಂದು ವಾದಿಸುತ್ತಾರೆ. ಈ ನೋಟದಲ್ಲಿ ಮೀನನ್ನು ಕೊಂಡವನಿಗೆ ಸಿಗುವುದು ಹಕ್ಕಲ್ಲ, ಋಣ. ರೇನ್‌ಬೋ ಮೀನು ಐದಾರು ವರ್ಷ, ಕೆಲವೊಮ್ಮೆ ಹೆಚ್ಚು ಬದುಕುತ್ತದೆ. ಋಣದ ಅವಧಿಯೂ ಅಷ್ಟೇ. ಆದ್ದರಿಂದ ಕಾಡಿನಿಂದ ಹಿಡಿದ ರೇನ್‌ಬೋ ಮೀನನ್ನು ಬರಿಯ ಚೆಂದಕ್ಕಾಗಿ ಕೊಳ್ಳುವುದನ್ನು ಯಾವ ನೀತಿಯಿಂದಲೂ ಸಮರ್ಥಿಸಲಾಗದು. ತೊಟ್ಟಿಯಲ್ಲೇ ಹುಟ್ಟಿದ ಮೀನನ್ನು ಅದರ ಆಯುಸ್ಸು ಮುಗಿಯುವವರೆಗೆ ಜಾಗ, ಗುಂಪು, ಶುದ್ಧನೀರು ಕೊಟ್ಟು ಸಾಕುವುದು ನಿರ್ದೋಷವಲ್ಲದಿದ್ದರೂ ಕ್ಷಮ್ಯ. ಅಷ್ಟು ಕಾಲ ಆ ಹೊಣೆ ಹೊರಲು ಸಿದ್ಧರಿಲ್ಲದವರು ಮೀನು ಸಾಕದಿರುವುದೇ ಧರ್ಮ.