ಪಕ್ಕದಲ್ಲಿ ಕೂತು ನುಡಿಸಿದವರು

ಅಮೆರಿಕದ ಫ್ಲಾರಿಡಾ ತೀರದಿಂದ ಚಳಿಗಾಲದಲ್ಲಿ ಒಂದು ದೊಡ್ಡ ಹಡಗು ಹೊರಡುತ್ತದೆ. ಒಂದು ವಾರ ಕಡಲ ಮೇಲೆ ತಿರುಗಿ ಬರುವ ಆ ಹಡಗಿನಲ್ಲಿ ಹಗಲೂ ರಾತ್ರಿ ಸಂಗೀತ. 2004ರಲ್ಲಿ ಶುರುವಾದ ಈ ಪ್ರವಾಸಕ್ಕೆ ‘ಸ್ಮೂತ್ ಜಾಝ್ ಕ್ರೂಸ್’ ಎಂದು ಹೆಸರು. ಜಾಝ್ ಸಂಗೀತದಲ್ಲಿ ತುಸು ತಣ್ಣನೆಯದು, ಕಿವಿಗೆ ಹಿತವಾದದ್ದು ಈ ಸ್ಮೂತ್ ಜಾಝ್. ಇದರಲ್ಲಿ ಸ್ಯಾಕ್ಸೊಫೋನು, ಪಿಯಾನೊ, ಗಿಟಾರುಗಳದ್ದೇ ಮೇಲುಗೈ. ಟಿಕೆಟ್ ಕೊಂಡವರು ಬರುವುದೂ ಆ ವಾದ್ಯಗಳ ಹೆಸರಾಂತ ಕಲಾವಿದರನ್ನು ಹತ್ತಿರದಿಂದ ನೋಡಿ ಕೇಳಲೆಂದೇ. ಇಂದು ನಾನು ಹೇಳಹೊರಟಿರುವುದು ಅವರ ವಿಚಾರವಲ್ಲ. ಅವರ ಹಿಂದೆ, ಡ್ರಮ್ಸಿನ ಮಗ್ಗುಲಲ್ಲಿ, ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ಹಿಡಿದು ನಿಲ್ಲುವವನ ವಿಚಾರ.

ಅವನು ಸೆಷನ್ ವಾದಕ. ಯಾವ ಒಂದು ತಂಡಕ್ಕೂ ಸೇರಿದವನಲ್ಲ; ಹಾಡಿಗೆ ಇಷ್ಟು, ಕಚೇರಿಗೆ ಇಷ್ಟು ಎಂದು ಮಾತಾಡಿಕೊಂಡು ಕರೆದವರಿಗೆ ನುಡಿಸುವವನು. ಬೆಳಿಗ್ಗೆ ಒಬ್ಬರ ಜೊತೆ ತಾಲೀಮು. ಸ್ವರ ಬರೆದ ಹಾಳೆ ಕೈಗೆ ಬರುತ್ತದೆ, ಒಂದೆರಡು ಸಲ ನುಡಿಸಿ ನೋಡುವಷ್ಟೇ ಪುರುಸೊತ್ತು. ಮಧ್ಯಾಹ್ನ ಈಜುಕೊಳದ ಪಕ್ಕದ ವೇದಿಕೆಯಲ್ಲಿ ಇನ್ನೊಬ್ಬರಿಗೆ, ರಾತ್ರಿ ಒಳಗಿನ ರಂಗಮಂದಿರದಲ್ಲಿ ಮತ್ತೊಬ್ಬರಿಗೆ ನುಡಿಸಬೇಕು. ನಡುರಾತ್ರಿ ದಾಟಿದ ಮೇಲೆ ಎಲ್ಲರೂ ಕೂಡಿ ಮನಸ್ಸಿಗೆ ಬಂದದ್ದನ್ನು ನುಡಿಸುವ ಕೂಟವೂ ಉಂಟು. ಒಬ್ಬರಿಗೆ ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ಓಡುವ ನಡೆ ಇಷ್ಟ, ಇನ್ನೊಬ್ಬರಿಗೆ ಹಿಂದಕ್ಕೆ ಜಗ್ಗುವ ನಡೆ ಇಷ್ಟ. ಒಂದೇ ದಿನದಲ್ಲಿ ಇಬ್ಬರಿಗೂ ಅವನು ಹೊಂದಿಕೊಳ್ಳಬೇಕು. ಕಡಲು ಎದ್ದ ದಿನ ನಿಂತ ವೇದಿಕೆಯೇ ವಾಲುತ್ತದೆ. ಉಪ್ಪುಗಾಳಿಗೆ ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಏನೇ ಆದರೂ ಅವನು ಹಿಡಿದ ನಡೆ ಮಾತ್ರ ಅಲುಗಾಡುವಂತಿಲ್ಲ.

ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ನಾದವನ್ನು ನಾವು ಕಿವಿಯಲ್ಲಿ ಎಷ್ಟು ಕೇಳುತ್ತೇವೋ ಎದೆಯಲ್ಲೂ ಅಷ್ಟೇ ಕೇಳುತ್ತೇವೆ. ಸ್ಯಾಕ್ಸೊಫೋನು ಒಂದು ಸ್ವರ ತಪ್ಪಿದರೆ ತಪ್ಪಿದ್ದು ಯಾರೆಂದು ಕೂಡಲೇ ಗೊತ್ತಾಗುತ್ತದೆ. ಬೇಸ್ ತಪ್ಪಿದರೆ ಹಾಗಲ್ಲ, ಇಡೀ ಹಾಡೇ ಯಾಕೋ ಕೂತಿಲ್ಲ ಅನ್ನಿಸುತ್ತದೆ. ಅವನು ಸರಿಯಾಗಿ ನುಡಿಸಿದ ದಿನ ಚಪ್ಪಾಳೆಯೆಲ್ಲ ಮುಂದೆ ನಿಂತವರಿಗೆ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಇತ್ತು. 1960ರ ದಶಕದಲ್ಲಿ ಅದರ ಹಾಡುಗಳು ಆ ದೇಶದ ಮನೆಮನೆಯ ರೇಡಿಯೊದಲ್ಲಿ ಮೊಳಗುತ್ತಿದ್ದವು. ಅವುಗಳಲ್ಲಿ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದವರು ಜೇಮ್ಸ್ ಜಾಮರ್ಸನ್. ಹಾಡಿದವರ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಜಾಮರ್ಸನ್ ಹೆಸರು ರೆಕಾರ್ಡಿನ ಹೊದಿಕೆಯ ಮೇಲೂ ಬರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಬಂದಾಗಲಷ್ಟೇ ವಾದಕರ ಹೆಸರುಗಳು ಅಚ್ಚಾದವು. ಜಾಮರ್ಸನ್ 1983ರಲ್ಲಿ, 47ನೆಯ ವಯಸ್ಸಿಗೇ ತೀರಿಕೊಂಡರು. ಅಲ್ಲಿಯ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 2000ದಲ್ಲಿ. ಇದಕ್ಕೆ ಇನ್ನೊಂದು ಮುಖವೂ ಇದೆ. ನೂರಾರು ರೆಕಾರ್ಡುಗಳಿಗೆ ಸೆಷನ್ ಬೇಸ್ ನುಡಿಸಿ ಬೆಳೆದ ಮಾರ್ಕಸ್ ಮಿಲ್ಲರ್ 1986ರಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಅವರ ‘ಟುಟು’ ಆಲ್ಬಮ್ಮಿನ ಬಹುಪಾಲು ಸಂಗೀತವನ್ನು ತಾವೇ ರಚಿಸಿದರು. ಆಮೇಲೆ ಅದೇ ಜಾಝ್ ಹಡಗಿನ ಕಾರ್ಯಕ್ರಮಗಳನ್ನು ಮುಂದೆ ನಿಂತು ನಡೆಸಿಕೊಡುವವರೂ ಆದರು. ಅವಕಾಶ ಸಿಕ್ಕರೆ ಹಿಂದಿನ ಸಾಲಿನವರು ಎಷ್ಟು ಬಲ್ಲವರು ಎಂಬುದಕ್ಕೆ ಅವರೇ ಸಾಕ್ಷಿ.

ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದಲ್ಲಿ ಕೂತು ಹಡಗಿನ ಮಾತೇಕೆ ಎಂದು ನೀವು ಕೇಳಬಹುದು. ಮಳೆ ಕಡಿಮೆ ಬೀಳುವ, ಶೇಂಗಾ ನಂಬಿ ಬದುಕುವ ಸೀಮೆ ನಮ್ಮದು. ಆದರೆ ಆ ವಾದಕನ ಕಸುಬು ಇಲ್ಲಿಯವರಿಗೆ ಹೊಸದಲ್ಲ. ದೇವರು ಗುಡಿಯಿಂದ ಹೊರಡುವಾಗ ಜೊತೆಗೆ ಹೊರಡುವ ಉರುಮೆಯನ್ನೇ ನೋಡಿ. ಅದರ ಒಂದು ಮುಖಕ್ಕೆ ಕಡ್ಡಿಯಿಂದ ಹೊಡೆಯುತ್ತಾರೆ. ಇನ್ನೊಂದು ಮುಖದ ತೊಗಲಿಗೆ ಬಾಗಿದ ಕೋಲನ್ನು ಒತ್ತಿಹಿಡಿದು ಉಜ್ಜುತ್ತಾರೆ. ಉಜ್ಜಿದ ಕಡೆಯಿಂದ ತಗ್ಗಿನ, ಎಳೆದೆಳೆದು ಬರುವ ಒಂದು ಹೂಂಕಾರ ಹೊರಡುತ್ತದೆ. ಈ ಸೀಮೆಯ ಮ್ಯಾಸಬೇಡರ ಪೆಟ್ಟಿಗೆ ದೇವರುಗಳ ಮುಂದೆ ಆ ದನಿ ಇಲ್ಲದಿದ್ದರೆ ಮೆರವಣಿಗೆಗೆ ಕಳೆಯೇ ಇಲ್ಲ. ಜನರ ಕಣ್ಣು ದೇವರ ಮೇಲೆ, ಹೂವಿನ ಮೇಲೆ, ಕುಣಿಯುವವರ ಮೇಲೆ ಇರುತ್ತದೆ. ಕೋಲು ಉಜ್ಜುವ ಕೈಯನ್ನು ನೋಡುವವರು ಕಡಿಮೆ. ಬೆವರು ಒರೆಸಿಕೊಳ್ಳಲೆಂದು ಆ ಕೈ ಒಂದು ಗಳಿಗೆ ನಿಲ್ಲಲಿ, ಕುಣಿಯುವವರ ಹೆಜ್ಜೆ ಅಲ್ಲೇ ತಡವರಿಸುತ್ತದೆ.

ಊರ ಹುಡುಗರು ಹಬ್ಬಕ್ಕೋ ಜಾತ್ರೆಗೋ ಆಡುವ ನಾಟಕದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬಳ್ಳಾರಿ, ಚಿತ್ರದುರ್ಗದ ಹಳ್ಳಿಗಳ ಹಿರಿಯರಲ್ಲಿ ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಗೊತ್ತಿಲ್ಲದವರು ವಿರಳ. ಇಂಥ ನಾಟಕಕ್ಕೆ ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀ ಪಾತ್ರದವರು ಹೊರಗಿನಿಂದ ಬರುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಬಲದವರೊಂದಿಗೆ ಬಂದಿಳಿಯುತ್ತಾರೆ. ಕಾಲಿನ ಹಾರ್ಮೋನಿಯಮ್ಮಿಗೆ ಕೂತ ಮೇಷ್ಟ್ರ ಎರಡೂ ಪಾದ ತಿದಿ ಒತ್ತುತ್ತಿರುತ್ತವೆ. ಬಲಗೈ ಹಾಡಿನ ಜಾಡು ಹಿಡಿದಿರುತ್ತದೆ, ಎಡಗೈ ಕೆಳಗಿನ ಮನೆಗಳಲ್ಲಿ ಆಧಾರ ಸ್ವರವನ್ನು ಬಿಡದೆ ಒತ್ತಿರುತ್ತದೆ. ತಾಲೀಮಿನಲ್ಲಿ ಬಿಳಿ ಎರಡಕ್ಕೆ ಹಾಡುತ್ತಿದ್ದ ಭೀಮ, ಎದುರಿಗೆ ಜನಸಾಗರ ಕಂಡ ಹುರುಪಿನಲ್ಲಿ ಕರಿ ಎರಡಕ್ಕೆ ದನಿ ಎತ್ತಿಬಿಡುತ್ತಾನೆ. ಮೇಷ್ಟ್ರು ತಲೆ ಎತ್ತಿಯೂ ನೋಡುವುದಿಲ್ಲ. ಅವನ ಮೊದಲ ಮಾತು ಮುಗಿಯುವಷ್ಟರಲ್ಲಿ ಎರಡೂ ಕೈ ಮನೆ ಬದಲಿಸಿರುತ್ತವೆ, ತಬಲದವರಿಗೆ ಕಣ್ಸನ್ನೆ ಹೋಗಿರುತ್ತದೆ. ಉಸಿರು ಸಾಲದೆ ಪದ್ಯ ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ಹಾರ್ಮೋನಿಯಮ್ಮೇ ಹಾಡಿ ಮುಗಿಸುತ್ತದೆ. ಶಿಳ್ಳೆ ಬೀಳುವುದು ಭೀಮನಿಗೆ. ಮೈಕಿನಲ್ಲಿ ಹೆಸರು ಕೂಗಿ ಕೊಡುವ ಬಹುಮಾನವೂ ಭೀಮನಿಗೇ.

ಹೀಗೆ ಪಕ್ಕದಲ್ಲಿ ಕೂತು ನುಡಿಸುವುದನ್ನು ಕೆಳಗಿನ ಕೆಲಸ ಎಂದು ತಿಳಿಯುವುದು ತಪ್ಪು. ಹಾಡುವವನಿಗೆ ತನ್ನ ಹಾಡು ಬಂದರೆ ಸಾಕು. ಪಕ್ಕವಾದ್ಯದವನಿಗೆ ತನ್ನ ವಾದ್ಯವೂ ಬರಬೇಕು, ಹಾಡುವವನ ಬಲವೂ ಗೊತ್ತಿರಬೇಕು, ಅವನ ದೌರ್ಬಲ್ಯವೂ ಗೊತ್ತಿರಬೇಕು. ಆ ದೌರ್ಬಲ್ಯ ಸಭೆಗೆ ಕಾಣದಂತೆ ಕಾಪಾಡುವ ದೊಡ್ಡ ಮನಸ್ಸೂ ಇರಬೇಕು. ಎಷ್ಟು ನುಡಿಸಬಲ್ಲೆ ಎಂದು ತೋರಿಸುವುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಎಂದು ಅರಿಯುವುದು ಕಷ್ಟದ ವಿದ್ಯೆ.

ಆ ವಿದ್ಯೆಗೆ ಕನ್ನಡನಾಡು ಒಮ್ಮೆ ದೊಡ್ಡ ಮರ್ಯಾದೆ ಕೊಟ್ಟಿದೆ. ಪಿಟೀಲು ಚೌಡಯ್ಯನವರು 1895ರಲ್ಲಿ ತಿರುಮಕೂಡಲು ನರಸೀಪುರದ ಬಳಿ ಹುಟ್ಟಿದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅರಿಯಕ್ಕುಡಿ, ಚೆಂಬೈ ಮೊದಲಾದ ಘಟಾನುಘಟಿ ಗಾಯಕರಿಗೆ ಪಕ್ಕದಲ್ಲಿ ಕೂತು ನುಡಿಸಿದರು. ಮೈಕು ಅಪರೂಪವಾಗಿದ್ದ ಕಾಲ. ತುಂಬಿದ ಸಭೆಯಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ಮುಟ್ಟುತ್ತಿರಲಿಲ್ಲ. ಅದಕ್ಕೆ ಚೌಡಯ್ಯನವರು ಒಂದು ಸ್ಥಾಯಿ ಕೆಳಗೆ ನುಡಿಯುವ ತಂತಿಗಳನ್ನು ಜೊತೆಗೂಡಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾದ ತುಂಬಿಕೊಂಡದ್ದು ಕೆಳಗಿನಿಂದ ಎಂಬುದನ್ನು ಗಮನಿಸಬೇಕು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರಲ್ಲಿ ಅವರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಅವರ ನೆನಪಿಗೆ ಎದ್ದ ಸಭಾಂಗಣದ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಪಕ್ಕದಲ್ಲಿ ಕೂತವರ ಹೆಸರನ್ನು ಇಷ್ಟು ದೊಡ್ಡದಾಗಿ ಬರೆದ ನಾಡು ನಮ್ಮದು. ಆ ಹೆಮ್ಮೆ ಒಂದೇ ಕಟ್ಟಡಕ್ಕೆ ನಿಲ್ಲಬಾರದು.

ಮೊಳಕಾಲ್ಮುರು ರೇಷ್ಮೆ ಸೀರೆ ನೇಯುವವರಿಗೆ ಪಕ್ಕದಲ್ಲಿ ಕೂತವರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡಲಿಗೆ ಒಂದು ಬಣ್ಣ, ಎರಡು ಅಂಚಿಗೆ ಬೇರೆ ಬಣ್ಣ ಬರಬೇಕಾದರೆ ಕೈಮಗ್ಗದಲ್ಲಿ ಮೂರು ಲಾಳಿ ಓಡಬೇಕು. ಮೂರನೆಯದನ್ನು ಎಸೆಯಲು ನೇಕಾರರ ಮಗ್ಗುಲಿಗೆ ಇನ್ನೊಬ್ಬರು ಕೂರುತ್ತಾರೆ, ಎಷ್ಟೋ ಸಲ ಮನೆಯವರೇ. ಅವರ ಕೈ ಒಂದು ಎಳೆ ತಪ್ಪಿದರೆ ಅಂಚು ಒಡಲಿಗೆ ಕೂಡುವುದಿಲ್ಲ. ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವಾಗ ಆ ಕೈಯ ಸುದ್ದಿ ಬರುವುದಿಲ್ಲ. ಬೇಸ್ ನುಡಿಸುವವನ ಪಾಡೂ ಅದೇ.

ಸಿನಿಮಾ ಹಾಡಿನಲ್ಲಿ ಈ ಮರೆವು ಇನ್ನೂ ಹೆಚ್ಚು. ಶಂಕರ್ ನಾಗ್ ಅವರ ‘ಗೀತಾ’ ಚಿತ್ರ 1981ರಲ್ಲಿ ಬಂತು, ಇಳಯರಾಜ ಅವರ ಸಂಗೀತ. ಇಂದಿಗೂ ಬಸ್ಸಿನಲ್ಲಿ ಅದರ ಹಾಡು ಬಂದರೆ ಜನ ಗುನುಗುತ್ತಾರೆ. ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಗಾಯಕರ ದನಿಯ ಅಡಿಯಲ್ಲಿ ಬೇಸ್ ಗಿಟಾರ್ ತನ್ನದೇ ಇನ್ನೊಂದು ರಾಗ ಹಿಡಿದು ನಡೆಯುತ್ತಿರುತ್ತದೆ. ನಟರು, ಗಾಯಕರು, ನಿರ್ದೇಶಕರ ಹೆಸರು ನಮ್ಮ ಬಾಯಲ್ಲಿದೆ. ಆ ತಂತಿ ಮೀಟಿದವರ ಹೆಸರನ್ನು ನಾವು ಕೇಳಿಯೂ ಇಲ್ಲ. ಎ.ಆರ್. ರೆಹಮಾನ್ ತಮ್ಮ ಆಲ್ಬಮ್ಮುಗಳ ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚು ಹಾಕಿಸತೊಡಗಿದ ಮೇಲೆ ಚೆನ್ನೈನ ಬೇಸ್ ವಾದಕ ಕೀತ್ ಪೀಟರ್ಸ್ ಅಂಥವರ ಹೆಸರು ಕೇಳುಗರಿಗೆ ಮುಟ್ಟಿತು. ಈಗ ಹೊದಿಕೆಯೇ ಇಲ್ಲ. ಮೊಬೈಲಿನ ಪರದೆಯಲ್ಲಿ ಚಿತ್ರದ ಹೆಸರು, ಹಾಡಿದವರ ಹೆಸರು ಬಂದರೆ ಅಲ್ಲಿಗೆ ಮುಗಿಯಿತು.

ಮೊಬೈಲಿನ ಪುಟ್ಟ ಸ್ಪೀಕರಿಗೆ ತಗ್ಗಿನ ನಾದವನ್ನು ಹೊರಡಿಸುವ ಶಕ್ತಿಯೂ ಇಲ್ಲ. ಹಾಡು ಕೇಳಿಸುತ್ತದೆ, ಅದು ನಿಂತ ನೆಲ ಕೇಳಿಸುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಗಣಪತಿ ಮೆರವಣಿಗೆಯ ಡಿಜೆ. ಟ್ರ್ಯಾಕ್ಟರ್ ಮೇಲೆ ಪೇರಿಸಿದ ಪೆಟ್ಟಿಗೆಗಳಿಂದ ಬೇಸ್ ಒಂದೇ ಹೊರಬಿದ್ದು ಕಿಟಕಿ ಗಾಜು ಅದುರುತ್ತದೆ, ಮಲಗಿದ ಮಕ್ಕಳು ಬೆಚ್ಚಿ ಏಳುತ್ತವೆ, ಹೃದಯದ ಕಾಯಿಲೆಯವರು ಎದೆ ಹಿಡಿದುಕೊಳ್ಳುತ್ತಾರೆ. ಹಾಡನ್ನು ಹೊರಬೇಕಾದ ನಾದ ಹಾಡನ್ನೇ ತುಳಿಯುತ್ತದೆ. ಒಂದರಲ್ಲಿ ಆಧಾರವೇ ಇಲ್ಲ, ಇನ್ನೊಂದರಲ್ಲಿ ಆಧಾರದ ಅಬ್ಬರವೇ ಎಲ್ಲ. ಬೆರಳಿನ ಹದದಿಂದ ಹೊರಡುವ ತಗ್ಗುದನಿಯನ್ನು ಕೇಳುವ ಅಭ್ಯಾಸ ಎರಡರ ನಡುವೆ ಸೊರಗುತ್ತಿದೆ. ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಭಜನೆಗೋ ನಾಟಕದ ತಾಲೀಮಿಗೋ ಕರೆದೊಯ್ದು ಹಿಮ್ಮೇಳದವರ ಹತ್ತಿರ ಕೂರಿಸಿದರೆ ಆ ಅಭ್ಯಾಸ ಉಳಿದೀತು.

ಒಂದು ವಿಷಯದಲ್ಲಿ ನಮ್ಮ ಹಳ್ಳಿಗಳು ಸಿನಿಮಾದವರಿಗಿಂತ ಮುಂದಿವೆ. ನಾಟಕದ ಕರಪತ್ರದಲ್ಲಿ ಹಾರ್ಮೋನಿಯಂ, ತಬಲದವರ ಹೆಸರು ಹಾಕುವ ಸಂಪ್ರದಾಯ ಈಗಲೂ ಇದೆ. ಇದು ಬರೀ ಮರ್ಯಾದೆಯ ಮಾತಲ್ಲ, ಅನ್ನದ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ಕಲಾಸೇವೆಗೆ ದಾಖಲೆ ತೋರಿಸಬೇಕಾಗುತ್ತದೆ. ಮೂವತ್ತು ನಲವತ್ತು ವರ್ಷ ಊರೂರು ಸುತ್ತಿ ನುಡಿಸಿದವರ ಬಳಿ ಸನ್ಮಾನದ ಶಾಲೂ ಇರುವುದಿಲ್ಲ, ಫೋಟೊವೂ ಇರುವುದಿಲ್ಲ. ಹೆಸರು ಅಚ್ಚಾದ ಒಂದು ಹಳೆಯ ಕರಪತ್ರವೇ ಅವರ ಆಸ್ತಿ. ಆ ಒಂದು ಸಾಲು ಕೈಬಿಟ್ಟರೆ ಮುಪ್ಪಿನಲ್ಲಿ ಅವರಿಗೆ ಸಿಗಬೇಕಾದ ಆಸರೆಯನ್ನೂ ಕೈಬಿಟ್ಟಂತೆ.

ದೇವಸಮುದ್ರದ, ಚಳ್ಳಕೆರೆಯ, ಮೊಳಕಾಲ್ಮುರಿನ ಜಾತ್ರಾ ಸಮಿತಿಯವರಲ್ಲಿ, ನಾಟಕ ಆಡಿಸುವ ಯುವಕ ಸಂಘದವರಲ್ಲಿ ನನ್ನದೊಂದು ಕೋರಿಕೆ. ಈ ಸಲ ಕರಪತ್ರ ಅಚ್ಚಿಗೆ ಕೊಡುವ ಮುನ್ನ ನುಡಿಸುವವರೆಲ್ಲರ ಹೆಸರು, ಊರಿನ ಸಮೇತ, ಬರೆದಿದೆಯೇ ನೋಡಿ. ಮುಂದಿನವರದ್ದಷ್ಟೇ ಅಲ್ಲ, ವಾಲಗದಲ್ಲಿ ಶ್ರುತಿ ಊದುವವರದ್ದೂ ತಾಳ ಹಾಕುವವರದ್ದೂ ಇರಲಿ. ಮಾತಾಡಿಕೊಂಡ ಹಣವನ್ನು ಬೆಳಗಾಗುವ ಮುನ್ನ ಅವರ ಕೈಗಿಡಿ. ಕರಪತ್ರದ ಎರಡು ಪ್ರತಿಯನ್ನು ಅವರ ಚೀಲಕ್ಕೆ ಹಾಕಿ ಕಳಿಸಿ.