ಜೋಕುಮಾರನನ್ನು ಕೊಂದವರು ಯಾರು?

ಭಾದ್ರಪದದ ಅಷ್ಟಮಿಗೆ ಹುಟ್ಟುವ ಜೋಕುಮಾರನಿಗೆ ಏಳೇ ದಿನದ ಆಯುಷ್ಯ. ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗದ ಕಡೆಯ ಹಳ್ಳಿಗಳಲ್ಲಿ ಹಸಿ ಮಣ್ಣಿನಿಂದ ಅವನ ಮೂರ್ತಿ ಮೂಡುತ್ತದೆ: ಅಗಲ ಮುಖ, ದೊಡ್ಡ ಕಣ್ಣು, ತೆರೆದ ಬಾಯಿ. ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿ, ತಲೆಯ ಮೇಲೆ ಹೊತ್ತು, ಅಂಬಿಗರ, ತಳವಾರರ ಮನೆಯ ಹೆಣ್ಣುಮಕ್ಕಳು ಓಣಿ ಓಣಿ ಹಾಡುತ್ತ ತಿರುಗುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ನೀಡಿ, ಅವನ ಬಾಯಿಗೆ ಬೆಣ್ಣೆ ಒರೆಸುತ್ತಾರೆ. ಹುಣ್ಣಿಮೆಯ ರಾತ್ರಿ ಒನಕೆಯ ಪೆಟ್ಟಿಗೆ ಅವನ ಬಾಳು ಮುಗಿಯುತ್ತದೆ. ಸತ್ತವನು ಶಿವನ ಹತ್ತಿರ ಹೋಗಿ ಇಲ್ಲಿಯ ಮಂದಿಯ ಕಷ್ಟ ಹೇಳಿ ಮಳೆ ಕಳಿಸುತ್ತಾನೆ ಎಂಬುದು ನಂಬಿಕೆ. ಅವನಿಗಿಂತ ಮೊದಲು ಬಂದು ಹೋದ ಗಣಪ್ಪ ಕಡುಬು ಉಂಡು, ನಾಡೆಲ್ಲ ಸುಭಿಕ್ಷ ಎಂದು ಹೇಳಿರುತ್ತಾನೆ. ಕೇರಿ ಕೇರಿ ಅಲೆದ ಜೋಕುಮಾರನಿಗಷ್ಟೇ ನಿಜ ಗೊತ್ತು.

ಈ ಸಾವಿಗೆ ಯಾರೂ ಹೊಣೆಯಲ್ಲ. ಒನಕೆ ಹಿಡಿದ ಕೈಗೆ ಪಾಪ ಅಂಟುವುದಿಲ್ಲ. ಬಿತ್ತಿದ ಕಾಳು ಮಣ್ಣಿನಲ್ಲಿ ಮುಚ್ಚಿಹೋಗುವಂತೆ ಅವನೂ ಹೋಗಬೇಕು, ಮುಂದಿನ ವರ್ಷ ಮತ್ತೆ ಬರಬೇಕು. ಇದು ಶೋಕವನ್ನೂ ನಂಬಿಕೆಯನ್ನೂ ಒಟ್ಟಿಗೆ ಹೊತ್ತ ಒಂದು ಪೂರ್ಣ ದರ್ಶನ.

ಇದೇ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ದರ್ಶನಕ್ಕೆ ಒಂದು ಪ್ರಶ್ನೆ ಹಾಕಿದರು. ಅವರ ‘ಜೋಕುಮಾರಸ್ವಾಮಿ’ ನಾಟಕದ ಆರಂಭದಲ್ಲೇ ಪೂಜೆ ಗಣಪತಿಗೆ ಸಲ್ಲದೆ ಜೋಕುಮಾರನಿಗೆ ಸಲ್ಲುತ್ತದೆ. ಮಕ್ಕಳಿಲ್ಲದ ಗೌಡತಿ ಜೋಕುಮಾರನಿಗೆ ನಡೆದುಕೊಳ್ಳುತ್ತಾಳೆ; ಗಂಡನಿಗೆಂದು ಮಾಡಿದ ಪಡವಲಕಾಯಿಯ ಪಲ್ಯ ಬಸಣ್ಣನ ಪಾಲಾಗುತ್ತದೆ. ಬಸಣ್ಣ ಹೊಲ ಉಳುವವನು; ಉಳುವವನದೇ ಹೊಲ ಎನ್ನುವವನು. ಗೌಡತಿ ಬಸುರಾಗುತ್ತಾಳೆ, ಗೌಡನ ಆಳುಗಳು ಬಸಣ್ಣನನ್ನು ಕೊಲ್ಲುತ್ತಾರೆ. ಆಚರಣೆಯ ಕುಣಿತ, ಹಾಡು, ಬೆಣ್ಣೆಯಂಥ ಪೋಲಿತನ ಎಲ್ಲವೂ ಇಲ್ಲಿವೆ. ಆದರೆ ಒನಕೆ ಹಿಡಿದವನಿಗೆ ಈಗ ಒಂದು ಮುಖವಿದೆ, ಅವನ ಹೆಸರಿನಲ್ಲಿ ಹೊಲವಿದೆ. ದೇವರ ಸಾವು ಕೊಲೆಯಾಯಿತು.

ಹಾಗೆಂದು ಕಂಬಾರರು ಹಳೆಯ ನಂಬಿಕೆಯನ್ನು ಕಿತ್ತೊಗೆಯಲಿಲ್ಲ. ಗೌಡತಿಯ ಹೊಟ್ಟೆಯಲ್ಲಿ ಕೂಸಿದೆ. ಜೋಕುಮಾರ ಮರಳಿ ಬರುತ್ತಾನೆಂಬ ಭರವಸೆಯೂ ಅದರೊಡನೆ ಉಳಿದಿದೆ. ಕೊಲೆ, ಭರವಸೆ ಎರಡನ್ನೂ ಒಂದೇ ರಂಗದ ಮೇಲೆ ನಿಲ್ಲಿಸಿದ್ದು ಈ ನಾಟಕದ ದೊಡ್ಡ ಸಾಧನೆ. ಬರೀ ಆಚರಣೆಯಾಗಿದ್ದರೆ ನೋಡುವವರು ಕೈಮುಗಿದು ಎದ್ದು ಹೋಗುತ್ತಿದ್ದರು, ಬರೀ ಭೂಮಿಯ ವಾದವಾಗಿದ್ದರೆ ತಲೆದೂಗಿ ಹೋಗುತ್ತಿದ್ದರು.

1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲು ರಂಗದಲ್ಲಿ ಈ ನಾಟಕವನ್ನು ಆಡಿಸಿದಾಗ ಅದರ ಜೊತೆಗೇ ಲಂಕೇಶರ ‘ಸಂಕ್ರಾಂತಿ’ಯನ್ನೂ ಸೊಫೋಕ್ಲಿಸನ ‘ಈಡಿಪಸ್’ ನಾಟಕವನ್ನೂ ಮಾಡಿಸಿದ್ದರು. ಈ ಜೋಡಣೆಯ ಬಗ್ಗೆ ಎಷ್ಟು ಯೋಚಿಸಿದರೂ ಕಡಿಮೆಯೇ. ಥೀಬ್ಸಿನ ದೊರೆ ಕೂಡ ಕೊಂದವನು ಯಾರೆಂದು ಹುಡುಕುತ್ತ ಹೊರಟವನು. ವಿಧಿ ಮೊದಲೇ ಎಲ್ಲವನ್ನೂ ಬರೆದಿಟ್ಟಿತ್ತು, ಆದರೂ ಅವನು ತಪ್ಪನ್ನು ವಿಧಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದಿಲ್ಲ. ಅಥೆನ್ಸ್ ಎರಡೂವರೆ ಸಾವಿರ ವರ್ಷದ ಹಿಂದೆ ಎದುರಿಸಿದ ಇಕ್ಕಟ್ಟು, ಬೇವಿನ ತಪ್ಪಲಿನ ಬುಟ್ಟಿಯಲ್ಲೂ ಕೂತಿತ್ತು.

ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ದ್ದು ಇದಕ್ಕೆ ತಿರುವುಮುರುವಾದ ದಾರಿ. ಬ್ರಿಟಿಷರ ಕಾಲದಲ್ಲಿ ಆ ಊರಿನಲ್ಲಿ ನಡೆದ ಕೊಲೆಯೊಂದನ್ನು ಹಿಡಿದು, ಬೈಲವಾಡದ ಪತ್ತಾರ ಮಾಸ್ತರ ಕಟ್ಟಿದ್ದೆಂದು ಹೇಳುವ ಸಣ್ಣಾಟವಿದು. ಕಿರೀಟ, ಭುಜಕೀರ್ತಿಗಳ ದೊಡ್ಡಾಟದ ಆರ್ಭಟ ಇದಕ್ಕಿಲ್ಲ. ಪೇಟ, ಧೋತರ ಉಟ್ಟ ಊರ ಮಂದಿಯೇ ಪಾತ್ರಗಳು. ಸಂಗ್ಯಾ ಈರಣ್ಣನ ಹೆಂಡತಿ ಗಂಗಿಗೆ ಮನಸೋಲುತ್ತಾನೆ, ಗೆಳೆಯ ಬಾಳ್ಯಾ ಮೋಸ ಮಾಡುತ್ತಾನೆ, ಈರಣ್ಣ ತಮ್ಮಂದಿರ ಜೊತೆ ಸೇರಿ ಸಂಗ್ಯಾನನ್ನು ಮುಗಿಸುತ್ತಾನೆ. ಕೊಂದವರು ಯಾರೆಂದು ಊರಿಗೆಲ್ಲ ಗೊತ್ತು. ಆದರೂ ಆಟ ಕಟ್ಟಿದ ಕವಿ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಲಿಲ್ಲ. ಆಟಕ್ಕೆ ಗಂಗಿಯ ಹೆಸರಿಲ್ಲ, ಈರಣ್ಣನ ಹೆಸರೂ ಇಲ್ಲ. ಇಬ್ಬರು ಗೆಳೆಯರ ಹೆಸರಿದೆ. ಹಾದರಕ್ಕಿಂತ, ಕೊಲೆಗಿಂತ, ಮುರಿದ ಗೆಳೆತನವೇ ದೊಡ್ಡ ಪಾಪವೆಂದು ಅವನಿಗೆ ಕಂಡಿರಬೇಕು. ಕೋರ್ಟಿಗೆ ಈ ಲೆಕ್ಕ ಸಿಗುವಂಥದ್ದಲ್ಲ. 1960ರ ದಶಕದಲ್ಲಿ ಕಂಬಾರರು ಈ ಆಟವನ್ನು ಸಂಪಾದಿಸಿ ಅಚ್ಚಿಗೆ ತಂದರು. ‘ಜೋಕುಮಾರಸ್ವಾಮಿ’ ಬರೆಯುವ ಮೊದಲು ಅವರು ಕಲಿತ ಶಾಲೆ ಇಂಥದ್ದು.

ಕಿತ್ತೂರಿನ ಇತಿಹಾಸವೂ ಸಾವು, ಮರಳುವಿಕೆಯ ಇದೇ ಅಚ್ಚಿನಲ್ಲಿ ಬಿದ್ದು ಬೇರೆ ರೂಪ ಪಡೆದಿದೆ. ಕಿತ್ತೂರಿಗಾಗಿ ಬ್ರಿಟಿಷರ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದವರು ಕಂಪನಿ ಸರಕಾರದವರು, ಹಿಡಿದುಕೊಟ್ಟವರು ನಮ್ಮವರೇ. ಲಾವಣಿಕಾರರು ಇದನ್ನು ಮುಚ್ಚಿಡದೆ ಹಾಡಿದರು; ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು 1880ರ ದಶಕದಲ್ಲೇ ರಾಯಣ್ಣನ ಲಾವಣಿಯನ್ನು ಅಚ್ಚು ಹಾಕಿಸಿದ್ದರು. ಆದರೆ ನಂದಗಡದ ಸಮಾಧಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಅನ್ಯಾಯದಿಂದ ಸತ್ತ ತರುಣ ಮಕ್ಕಳ ಫಲ ಕೊಡುವ ದೈವವಾದ. ಜೋಕುಮಾರನ ಹತ್ತಿರ ಗೌಡತಿ ಬೇಡಿದ್ದೂ ಅದನ್ನೇ. ಜನರ ಮನಸ್ಸು ಲಾವಣಿಯಲ್ಲಿ ಅಪರಾಧಿಯನ್ನು ಹೆಸರಿಸಿತು, ಮರದಡಿಯಲ್ಲಿ ಸಾವನ್ನು ಬೆಳೆಯಾಗಿಸಿತು. ಎರಡೂ ಬೇಕೆಂದು ಅವರಿಗೆ ಯಾವ ಪಂಡಿತರೂ ಹೇಳಿಕೊಡಲಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಮಾತ್ರ ಈ ಲೆಕ್ಕ ಇನ್ನೂ ಬಾಕಿ ಇದೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ಗಂಡ ಜಮದಗ್ನಿ ಸತ್ತನೆಂದು ಅವಳಿಗೆ ಮುಡಿಪಾದ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ; ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆಯಾದಳೆಂದು ಹಸಿರು ಬಳೆ ತೊಡುತ್ತಾರೆ. ಸಾವು, ಮರಳುವಿಕೆ ಎರಡೂ ಇಲ್ಲಿವೆ. ಆದರೆ ಜೋಗತಿಯರ ತಂತಿವಾದ್ಯವಾದ ಚೌಡಿಕೆಯ ಹಾಡಿನ ಮಗ್ಗುಲಲ್ಲೇ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸಿದ ಕಾಲವೂ ಇತ್ತು. ಅದನ್ನು ನಿಷೇಧಿಸಲು 1982ರ ಕಾಯ್ದೆ ಬೇಕಾಯಿತು. ಚೌಡಿಕೆಯ ನಾದವನ್ನಷ್ಟೇ ಎತ್ತಿಕೊಂಡು ಆ ಹುಡುಗಿಯರ ನೋವನ್ನು ಗುಡ್ಡದ ಮೇಲೇ ಬಿಟ್ಟು ಬರುವ ಕಲಾವಿದರು ಪರಂಪರೆಗೆ ನಿಷ್ಠರಾದಂತಾಗುವುದಿಲ್ಲ.

ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿ ನಾದ, ನೋವು ಎರಡನ್ನೂ ಹೊತ್ತು ತಂದವರು. ಬಳ್ಳಾರಿ ಸೀಮೆಯವರಾದ ಅವರು ಮರಿಯಮ್ಮನಹಳ್ಳಿಯ ಕಾಳವ್ವ ಜೋಗತಿಯವರಿಂದ ಎಲ್ಲಮ್ಮನ ಆಟ ಕಲಿತರು, ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಮೊದಲು ಸೀರೆಯ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದರು. ಊರು ದೂರವಿಟ್ಟಿದ್ದ ಮೈಯೊಂದು ದೇಶದ ಮೊದಲ ಪ್ರಜೆಯನ್ನು ಹರಸಿತು.

ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯ ಕಥೆಗೂ ಬಸಣ್ಣನ ಕಥೆಗೆ ಬಿದ್ದಂಥ ಪ್ರಶ್ನೆ ಬೀಳಬೇಕು. ಮನಸ್ಸು ಒಂದು ಕ್ಷಣ ಅತ್ತಿತ್ತ ಆಡಿದ್ದಕ್ಕೆ ತಾಯಿಯ ತಲೆ ಹೋಯಿತು. ಕಡಿದ ಮಗ ಪರಶುರಾಮನೇ ವರ ಬೇಡಿ ಬದುಕಿಸಿದ್ದರಿಂದ ಕೊಡಲಿಯ ಪೆಟ್ಟು ಇಲ್ಲವಾಗುತ್ತದೆಯೇ? ಮಹಾಭಾರತದ ಪ್ರಕಾರ ಜಮದಗ್ನಿಯ ಆಜ್ಞೆ ಮೊದಲು ಬಿದ್ದದ್ದು ಪರಶುರಾಮನ ನಾಲ್ವರು ಅಣ್ಣಂದಿರ ಮೇಲೆ. ಅವರು ತಾಯಿಯ ಮೇಲೆ ಕೈ ಎತ್ತಲಿಲ್ಲ; ಅದಕ್ಕಾಗಿ ತಂದೆಯ ಶಾಪ ಉಂಡರು. ತಮ್ಮ ಬೇಡಿದ ವರದಿಂದ ಆ ಶಾಪ ಕಳೆದರೂ, ಪುರಾಣ ಅವರನ್ನು ಅಲ್ಲಿಗೇ ಬಿಟ್ಟು ಪರಶುರಾಮನ ಹಿಂದೆ ನಡೆದುಬಿಡುತ್ತದೆ. ಎಲ್ಲಮ್ಮನ ಆಟವನ್ನು ಹೊಸದಾಗಿ ಕಟ್ಟಲು ಹೊರಟವರು ಮೊದಲು ಮಾತಾಡಿಸಬೇಕಾದದ್ದು ಆ ನಾಲ್ವರನ್ನು.